ಪಂಜು ಹಿಡಿದವರಿಗೆ ಕುರ್ಚಿಯಿಲ್ಲ

1964ರಲ್ಲಿ ನಾಗಾ ಬೆಟ್ಟಗಳಿಗೆ ಹೋದ ಶಾಂತಿ ನಿಯೋಗದಲ್ಲಿ ಮೂವರಿದ್ದರು: ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿ.ಪಿ. ಚಾಲಿಹಾ, ಪಾದ್ರಿ ಮೈಕೆಲ್ ಸ್ಕಾಟ್. 1975ರ ಶಿಲ್ಲಾಂಗ್ ಒಪ್ಪಂದಕ್ಕೂ 1986ರ ಮಿಜೋ ಒಪ್ಪಂದಕ್ಕೂ 2015ರ ನಾಗಾ ಚೌಕಟ್ಟು ಒಪ್ಪಂದಕ್ಕೂ ಸಹಿ ಹಾಕಿದವರು ಗಂಡಸರೇ. ಈ ಕಾಗದಗಳನ್ನಷ್ಟೇ ಓದಿದವರಿಗೆ ಈಶಾನ್ಯ ಭಾರತದಲ್ಲಿ ಹೆಂಗಸರೇ ಇರಲಿಲ್ಲವೇನೋ ಅನ್ನಿಸಬೇಕು. ಒಪ್ಪಂದದ ಹಿಂದುಮುಂದಿನ ಕೆಲಸ ಬೇರೆಯದು. ಬಂದೂಕು ಹಿಡಿದ ಎರಡು ಗುಂಪುಗಳ ನಡುವೆ ಓಡಾಡಬೇಕು, ಹಿಡಿದೊಯ್ದ ಹುಡುಗರನ್ನು ಬಿಡಿಸಿ ತರಬೇಕು, ಹೆಣ ಕೇಳಿ ಪಡೆಯಬೇಕು. ಈ ಕೆಲಸ ಬಹುಮಟ್ಟಿಗೆ ಹೆಂಗಸರ ಪಾಲಿಗೇ ಬಿದ್ದಿದೆ.

ಇದರ ಬೇರು ಮಣಿಪುರದ ಸಂತೆಯಲ್ಲಿದೆ. ಇಂಫಾಲದ ಇಮಾ ಕೈಥೆಲ್‌ನಲ್ಲಿ, ಎಂದರೆ ತಾಯಂದಿರ ಮಾರುಕಟ್ಟೆಯಲ್ಲಿ, ಅಂಗಡಿ ಇಡುವವರೆಲ್ಲ ಹೆಂಗಸರು. ಕೈಯಲ್ಲಿ ಕಾಸು, ದಿನವೂ ಒಂದೆಡೆ ಸೇರುವ ಅಭ್ಯಾಸ, ಊರೂರಿನ ಸುದ್ದಿ: ಚಳವಳಿಗೆ ಬೇಕಾದ್ದೆಲ್ಲ ಅಲ್ಲಿತ್ತು. 1904ರಲ್ಲಿ ಬ್ರಿಟಿಷ್ ಅಧಿಕಾರಿಯ ಸುಟ್ಟ ಬಂಗಲೆಯನ್ನು ಮತ್ತೆ ಕಟ್ಟಲು ಗಂಡಸರು ಬಿಟ್ಟಿ ಚಾಕರಿ ಮಾಡಬೇಕೆಂಬ ಆಜ್ಞೆ ಹೊರಟಾಗ ಬೀದಿಗಿಳಿದವರು ಇವರೇ. ಎರಡನೆಯ ‘ನೂಪಿ ಲಾನ್’, ಹೆಂಗಸರ ಯುದ್ಧ, 1939ರ ಡಿಸೆಂಬರ್ 12ರಂದು ನಡೆಯಿತು. ಬೆಳೆ ಹಾಳಾದ ವರ್ಷದಲ್ಲೂ ಅಕ್ಕಿ ಹೊರಗೆ ಸಾಗುತ್ತಿತ್ತು. ಸಾವಿರಾರು ಹೆಂಗಸರು ದರ್ಬಾರಿನ ಅಧ್ಯಕ್ಷ ಶಾರ್ಪ್‌ನನ್ನು ಮುತ್ತಿ, ಊರಲ್ಲಿಲ್ಲದ ಮಹಾರಾಜರಿಗೆ ತಂತಿ ಕಳಿಸುವಂತೆ ಪಟ್ಟುಹಿಡಿದು, ಉತ್ತರ ಬರುವ ತನಕ ಅವನನ್ನು ಅಲ್ಲಾಡಗೊಡಲಿಲ್ಲ. ಅಸ್ಸಾಂ ರೈಫಲ್ಸ್‌ನವರು ಬಯೊನೆಟ್ ಹಿಡಿದು ನುಗ್ಗಿದರು, ಹಲವರಿಗೆ ಗಾಯವಾಯಿತು. ಬಳಿಕ ಹೆಂಗಸರು ಸಂತೆಯನ್ನೇ ತಿಂಗಳುಗಟ್ಟಲೆ ಬಹಿಷ್ಕರಿಸಿದರು. ಇದನ್ನು ಶಾಂತಿ ಕಾರ್ಯ ಎನ್ನಬಹುದೇ ಎಂದು ಯಾರಾದರೂ ಕೇಳಿಯಾರು. ಅನ್ನದ ಹಕ್ಕು ಕೇಳಿದವರೇ ಮುಂದೆ ಜೀವದ ಹಕ್ಕು ಕೇಳಿದರು. ಇತಿಹಾಸದಲ್ಲಿ ಈ ಎರಡರ ನಡುವೆ ಗೋಡೆ ಇಲ್ಲ.

1970ರ ದಶಕದಲ್ಲಿ ಹೆಂಡದ ವಿರುದ್ಧ ‘ನಿಶಾ ಬಂದ್’ ಶುರುವಾಯಿತು. ಕುಡುಕರನ್ನು ಹಿಡಿಯಲು ರಾತ್ರಿ ಗಸ್ತು ತಿರುಗುತ್ತಿದ್ದ ಹೆಂಗಸರಿಗೆ ದಶಕದ ಕೊನೆಗೆ ಬೇರೆಯೇ ಕೆಲಸ ಒದಗಿತು. 1980ರಲ್ಲಿ ಇಡೀ ಮಣಿಪುರವನ್ನು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಡಿ ತರಲಾಯಿತು. ರಾತ್ರಿ ಸೇನೆಯ ಜೀಪು ಬಂದರೆ ಹೆಂಗಸರು ವಿದ್ಯುತ್ ಕಂಬಕ್ಕೆ ಕಲ್ಲಿನಿಂದ ಬಡಿಯುವರು. ಸದ್ದು ಕೇಳಿದ್ದೇ ಬೀದಿಯ ಮನೆಮನೆಯಿಂದ ಪಂಜು ಹಿಡಿದು ಹೊರಬರುವರು. ಪಂಜು ಹಿಡಿದವರು ಎಂಬರ್ಥದ ‘ಮೈರಾ ಪೈಬಿ’ ಹೆಸರು ಹೀಗೆ ನಿಂತಿತು. ಪ್ರತಿ ಕೇರಿಗೂ ಒಂದು ಘಟಕ, ಕಾವಲಿಗೊಂದು ಚಪ್ಪರ, ಸರದಿ. ಕಚೇರಿಯಿಲ್ಲ, ಅನುದಾನವಿಲ್ಲ.

ಇವರ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು 2004ರ ಜುಲೈ 15ರಂದು. ಅಸ್ಸಾಂ ರೈಫಲ್ಸ್ ಬಂಧಿಸಿ ಕರೆದೊಯ್ದ ತಂಗಜಾಮ್ ಮನೋರಮಾ ಗುಂಡೇಟಿನ ಹೆಣವಾಗಿ ಸಿಕ್ಕ ನಾಲ್ಕು ದಿನಕ್ಕೆ, ಹನ್ನೆರಡು ಮಂದಿ ನಡುವಯಸ್ಸು ದಾಟಿದ ಹೆಂಗಸರು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಮೈಮೇಲಿನ ಬಟ್ಟೆ ಕಳಚಿ ನಿಂತರು. ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕಥೆಯನ್ನು ನಿರ್ದೇಶಕ ಕನ್ಹಯ್ಯಲಾಲ್ ರಂಗಕ್ಕೆ ತಂದಾಗ ನಟಿ ಸಾವಿತ್ರಿ ವೇದಿಕೆಯಲ್ಲಿ ಇದೇ ರೀತಿ ನಿಂತಿದ್ದರು, ಈ ಘಟನೆಗೆ ನಾಲ್ಕು ವರ್ಷ ಮೊದಲು. ಆಗ ಕೆಲವರು ಅದನ್ನು ಅಶ್ಲೀಲ ಎಂದಿದ್ದರು. ಕಾಂಗ್ಲಾದಲ್ಲಿ ನಡೆದದ್ದಕ್ಕೆ ಫಲ ಬೇಗ ಸಿಕ್ಕಿತು: ಆಗಸ್ಟ್‌ನಲ್ಲಿ ಇಂಫಾಲ ನಗರ ಪ್ರದೇಶದಿಂದ ಕಾಯ್ದೆ ಹಿಂದೆ ಸರಿಯಿತು, ನವೆಂಬರಿನಲ್ಲಿ ಅಸ್ಸಾಂ ರೈಫಲ್ಸ್ ಕೈಯಲ್ಲಿದ್ದ ಕೋಟೆ ರಾಜ್ಯಕ್ಕೆ ಮರಳಿತು, ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ ನೇಮಕವಾಯಿತು. ಕಾಯ್ದೆಯನ್ನೇ ರದ್ದುಮಾಡಿ ಎಂದು 2005ರಲ್ಲಿ ಸಮಿತಿ ಹೇಳಿತು. ರದ್ದಾಗಲಿಲ್ಲ.

ಇದೇ ಕಾಯ್ದೆಯ ವಿರುದ್ಧ ಇರೋಮ್ ಶರ್ಮಿಳಾ 2000ದ ನವೆಂಬರಿನಲ್ಲಿ ಉಪವಾಸ ಕೂತರು. ಮಾಲೋಮ್‌ನ ಬಸ್ ನಿಲ್ದಾಣದಲ್ಲಿ ಹತ್ತು ಮಂದಿ ಗುಂಡಿಗೆ ಬಲಿಯಾದ ಬೆನ್ನಿಗೇ ಶುರುವಾದ ಆ ಉಪವಾಸ ಸುಮಾರು ಹದಿನಾರು ವರ್ಷ ನಡೆಯಿತು. ಮೂಗಿನ ನಳಿಕೆಯಲ್ಲಿ ಆಹಾರ ಇಳಿಸಿ ಅವರನ್ನು ಬದುಕಿಸಿಟ್ಟಿದ್ದರು. 2016ರ ಆಗಸ್ಟ್ 9ರಂದು ಉಪವಾಸ ಬಿಟ್ಟು, ಮದುವೆಯಾಗುತ್ತೇನೆ, ಚುನಾವಣೆಗೆ ನಿಲ್ಲುತ್ತೇನೆ ಎಂದದ್ದೇ ತಡ, ಪೂಜಿಸಿದವರೇ ಮುಖ ತಿರುಗಿಸಿದರು. 2017ರಲ್ಲಿ ಥೌಬಾಲ್ ಕ್ಷೇತ್ರದಲ್ಲಿ ಅವರಿಗೆ ಬಿದ್ದ ಮತಗಳು 90. ಅವರ ಅವಳಿ ಹೆಣ್ಣುಮಕ್ಕಳು 2019ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ತ್ಯಾಗ ಮಾಡುವ ಹೆಣ್ಣಿಗೆ ಆರತಿ, ಅಧಿಕಾರ ಕೇಳುವ ಹೆಣ್ಣಿಗೆ ಠೇವಣಿ ನಷ್ಟ. ಹೆಂಗಸರ ಶಾಂತಿ ಕೆಲಸದ ಇತಿಹಾಸದುದ್ದಕ್ಕೂ ಕಾಣುವ ಸಂಗತಿ ಇದು.

ನಾಗಾಲ್ಯಾಂಡಿನಲ್ಲಿ ಅದು ಇನ್ನೂ ಸ್ಪಷ್ಟ. ನಾಗಾ ತಾಯಂದಿರ ಸಂಘ 1984ರ ಫೆಬ್ರವರಿ 14ರಂದು ಕೊಹಿಮಾದಲ್ಲಿ ಹುಟ್ಟಿತು. ಮಾದಕ ವ್ಯಸನ, ಆಮೇಲೆ ಎಚ್‌ಐವಿ ಅವರ ಮೊದಲ ಕಾಳಜಿಗಳು. 1988ರಲ್ಲಿ ನಾಗಾ ಸಶಸ್ತ್ರ ಸಂಘಟನೆ ಎನ್‌ಎಸ್‌ಸಿಎನ್ ಒಡೆದು ನಾಗಾಗಳೇ ನಾಗಾಗಳನ್ನು ಕೊಲ್ಲತೊಡಗಿದಾಗ ಸಂಘದ ಕೆಲಸ ಬದಲಾಯಿತು. ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನ 1994ರಲ್ಲಿ ಶುರು. ನೈದೊನುವೊ ಅಂಗಾಮಿ ಮೊದಲಾದವರು ಕಾಡಿನ ಶಿಬಿರಗಳ ತನಕ ಹೋಗಿ ಎರಡೂ ಬಣದ ನಾಯಕರನ್ನು ಕಂಡರು. ಗುಂಡು ಹಾರಿಸಬಲ್ಲವನ ಎದುರು ಕೂತು ‘ಮಗನೇ’ ಎಂದು ಮಾತು ತೆಗೆಯುವ ಧೈರ್ಯ ಯಾವ ಸರ್ಕಾರಿ ಸಂಧಾನಕಾರನಿಗೂ ಇರಲಾರದು. ಇದಕ್ಕೆ ಸಂಪ್ರದಾಯದ ಬಲವೂ ಇತ್ತು. ತಂಗ್‌ಖುಲ್ ನಾಗಾಗಳಲ್ಲಿ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣು, ‘ಪುಕ್ರೈಲಾ’, ತವರಿಗೂ ಗಂಡನ ಊರಿಗೂ ಜಗಳವಾದರೆ ನಡುವೆ ಬಂದು ನಿಲ್ಲಬಹುದು, ಅವಳ ಮೇಲೆ ಯಾರೂ ಕೈ ಎತ್ತುವಂತಿಲ್ಲ. 1997ರಲ್ಲಿ ಕೇಂದ್ರದೊಂದಿಗೆ ಕದನವಿರಾಮ ಆದಾಗ ಅದಕ್ಕೆ ಜನಬೆಂಬಲ ಕೂಡಿಸಿದವರಲ್ಲಿ ಈ ತಾಯಂದಿರು ಮುಂಚೂಣಿಯಲ್ಲಿದ್ದರು. ನೈದೊನುವೊ ಅವರಿಗೆ 2000ದಲ್ಲಿ ಪದ್ಮಶ್ರೀ ಬಂತು.

ಇದೇ ಸಂಘ ನಗರಸಭೆಗಳಲ್ಲಿ ಶೇ 33 ಮೀಸಲಾತಿ ಕೇಳಿದಾಗ ಏನಾಯಿತು? ಸಂವಿಧಾನದ 371ಎ ವಿಧಿ ನಮ್ಮ ಕಟ್ಟಳೆಗಳನ್ನು ಕಾಯುತ್ತದೆ, ಕಟ್ಟಳೆಯಲ್ಲಿ ಹೆಂಗಸರಿಗೆ ಆಡಳಿತವಿಲ್ಲ ಎಂದವು ಬುಡಕಟ್ಟು ಸಂಘಟನೆಗಳು. ರೋಸ್‌ಮೇರಿ ಜುವಿಚು ಮತ್ತು ಅಬೆಯು ಮೇರು 2011ರಲ್ಲಿ ಕೋರ್ಟಿಗೆ ಹೋದರು. 2017ರ ಆರಂಭದಲ್ಲಿ ಸರ್ಕಾರ ಮೀಸಲಾತಿಯೊಂದಿಗೆ ಚುನಾವಣೆ ನಡೆಸಲು ಹೊರಟಾಗ ದಿಮಾಪುರದಲ್ಲಿ ಇಬ್ಬರು ಯುವಕರು ಗುಂಡಿಗೆ ಸತ್ತರು, ಕೊಹಿಮಾದ ನಗರಸಭೆ ಕಟ್ಟಡ ಸುಟ್ಟುಹೋಯಿತು, ಮುಖ್ಯಮಂತ್ರಿ ಟಿ.ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ಜಗಳ ಬಿಡಿಸುವಾಗ ಬೇಕಾದ ತಾಯಿ, ಚರಂಡಿ-ಬೀದಿದೀಪದ ತೀರ್ಮಾನಕ್ಕೆ ಕೂರುವಾಗ ಬೇಡವಾದಳು. ರಾಜ್ಯ ಹುಟ್ಟಿ ಅರುವತ್ತು ವರ್ಷ ತುಂಬುವ ಹೊತ್ತಿಗೆ, 2023ರಲ್ಲಿ, ಹೆಕಾನಿ ಜಖಾಲು ಮತ್ತು ಸಲ್ಹೌತುವೊನುವೊ ಕ್ರುಸೆ ವಿಧಾನಸಭೆಗೆ ಗೆದ್ದ ಮೊದಲ ಹೆಂಗಸರಾದರು. ಸುಪ್ರೀಂ ಕೋರ್ಟು ಬೆನ್ನುಬಿಡದೆ ಕೇಳಿದ ಮೇಲೆ 2024ರ ಜೂನ್ 26ರಂದು ಶೇ 33 ಮೀಸಲಾತಿಯೊಂದಿಗೆ ನಗರ ಚುನಾವಣೆ ನಡೆಯಿತು. ಹಿಂದಿನ ಚುನಾವಣೆ ಆಗಿದ್ದು 2004ರಲ್ಲಿ.

ಅಸ್ಸಾಮಿನ ಕಥೆ ಚಿಕ್ಕದು. ಜ್ಞಾನಪೀಠ ಪಡೆದ ಕಾದಂಬರಿಕಾರ್ತಿ ಇಂದಿರಾ ಗೋಸ್ವಾಮಿ ಬಂಡುಕೋರ ಸಂಘಟನೆ ಉಲ್ಫಾ ಮತ್ತು ಕೇಂದ್ರದ ನಡುವೆ ಮಧ್ಯಸ್ಥಿಕೆಗೆ ನಿಂತರು, ಅದರಿಂದ 2005ರಲ್ಲಿ ಜನ ಸಮಾಲೋಚನಾ ಗುಂಪು ಮೂಡಿತು. ಮರುವರ್ಷ ಮಾತುಕತೆ ಮುರಿಯಿತು. ಉಲ್ಫಾ ಹೊರಗಿನವರ ಪೈಕಿ ನಂಬಿದ್ದು ಒಬ್ಬ ಲೇಖಕಿಯನ್ನು ಎಂಬುದು ಮಾತ್ರ ಉಳಿಯಿತು.

ವಿದ್ವಾಂಸರ ಗಮನ ಇತ್ತ ಹರಿದದ್ದು ತಡವಾಗಿ. 1995ರ ಬೀಜಿಂಗ್ ಸಮ್ಮೇಳನದ ಹುರುಪಿನಲ್ಲಿ ಮೊನಿಷಾ ಬೆಹಲ್ ‘ನಾರ್ತ್ ಈಸ್ಟ್ ನೆಟ್‌ವರ್ಕ್’ ಕಟ್ಟಿದರು. ರೀಟಾ ಮನ್‌ಚಂದಾ, ಪೌಲಾ ಬ್ಯಾನರ್ಜಿ, ಅನುರಾಧಾ ಚೆನಾಯ್ ಮುಂತಾದವರ ಬರಹಗಳು ಹೆಣ್ಣನ್ನು ಯುದ್ಧದ ಬಲಿಪಶುವಾಗಿ ಮಾತ್ರ ನೋಡುವುದನ್ನು ಬಿಡಿಸಿದವು. ಆ ಕಾಲಕ್ಕೆ ಅದು ಬೇಕಿತ್ತು. ಆದರೆ ಅದರ ಉತ್ಸಾಹದಲ್ಲಿ ಹೆಂಗಸರೆಂದರೆ ಶಾಂತಿ ಎಂಬ ಸಸಾರದ ನಂಬಿಕೆಯೂ ಹಬ್ಬಿತು.

ಆ ನಂಬಿಕೆಗೆ ಪೆಟ್ಟು ಮೊದಲೇ ಬಿದ್ದಿತ್ತು. 2001ರ ಜೂನ್‌ನಲ್ಲಿ ನಾಗಾ ಕದನವಿರಾಮವನ್ನು ಗಡಿಮಿತಿಯಿಲ್ಲದೆ ವಿಸ್ತರಿಸಿದಾಗ, ತಮ್ಮ ನೆಲ ಕೈತಪ್ಪುತ್ತದೆಂದು ಮೈತೇಯಿಗಳ ಇಂಫಾಲ ಕಣಿವೆ ಸಿಡಿದೆದ್ದಿತು. ಗೋಲಿಬಾರಿನಲ್ಲಿ 18 ಮಂದಿ ಸತ್ತರು. ನಾಗಾ ತಾಯಿಗೆ ಶಾಂತಿ ಅನ್ನಿಸಿದ್ದು ಮೈತೇಯಿ ತಾಯಿಗೆ ಬೆದರಿಕೆಯಾಗಿ ಕಂಡಿತು.

2023ರ ಮೇ 3ರ ನಂತರ ಆ ನಂಬಿಕೆಯಲ್ಲಿ ಏನೂ ಉಳಿಯಲಿಲ್ಲ. ಮೈತೇಯಿ ಮತ್ತು ಕುಕಿ-ಜೋ ಜನರ ನಡುವಿನ ಹಿಂಸೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತು, ಸುಮಾರು 60,000 ಮಂದಿ ಮನೆ ಕಳೆದುಕೊಂಡರು. ಕಂಬ ಬಡಿದು ಪಂಜು ಹಿಡಿಯುತ್ತಿದ್ದವರು ಈಗ ರಸ್ತೆ ಅಡ್ಡಗಟ್ಟಿ ವಾಹನ ತಪಾಸಣೆಗೆ ನಿಂತರು. ಇಥಾಮ್ ಎಂಬ ಹಳ್ಳಿಯಲ್ಲಿ ಹೆಂಗಸರು ಮುಂದೆ ನಿಂತ ಗುಂಪಿಗೆ ಮಣಿದು ಸೇನೆ ಸೆರೆಸಿಕ್ಕ 12 ಉಗ್ರರನ್ನು ಬಿಟ್ಟುಕೊಟ್ಟಿತು. ಇಬ್ಬರು ಕುಕಿ ಹೆಂಗಸರನ್ನು ಬೆತ್ತಲೆ ಮೆರವಣಿಗೆ ಮಾಡಿದ ವಿಡಿಯೊ ಜುಲೈ 19ರಂದು ಹೊರಬಂತು, ಘಟನೆ ನಡೆದು ಎರಡು ತಿಂಗಳು ಕಳೆದ ಮೇಲೆ. ಕಾಂಗ್ಲಾದ ಬಾಗಿಲಲ್ಲಿ ಹೆಂಗಸರು ತಾವೇ ಬಟ್ಟೆ ಕಳಚಿ ಸೇನೆಯನ್ನು ನಾಚಿಸಿದ ನಾಡಿನಲ್ಲೇ ಇದು ನಡೆಯಿತು. ತಾಯ್ತನದ ರಾಜಕಾರಣ ತನ್ನ ಮಕ್ಕಳಿಗಾಗಿ ಎದ್ದು ನಿಲ್ಲಬಲ್ಲದು. ಪಕ್ಕದ ಬೆಟ್ಟದವಳ ಮಕ್ಕಳಿಗಾಗಿಯೂ ನಿಲ್ಲುವುದನ್ನು ಅದು ಕಲಿಯಲಿಲ್ಲ. ಇದನ್ನು ಮೈರಾ ಪೈಬಿಯರ ಅಭಿಮಾನಿಗಳು ಹೇಳಲು ಹಿಂಜರಿಯುತ್ತಾರೆ, ಹೇಳಬೇಕು.

ಹಾಗೆಂದು ಒಬ್ಬ ಹೆಂಗಸನ್ನು ಮೇಲಿನಿಂದ ತಂದು ಕೂರಿಸಿದರೂ ಆಗುವುದಿಲ್ಲ. 2023ರ ಜೂನ್‌ನಲ್ಲಿ ಕೇಂದ್ರ ರಚಿಸಿದ 51 ಸದಸ್ಯರ ಶಾಂತಿ ಸಮಿತಿಗೆ ಆಗಿನ ರಾಜ್ಯಪಾಲೆ ಅನುಸೂಯಾ ಉಯಿಕೆ ಅಧ್ಯಕ್ಷೆಯಾಗಿದ್ದರು. ತಮ್ಮನ್ನು ಕೇಳದೆ ಹೆಸರು ಸೇರಿಸಿದ್ದಾರೆಂದು, ಮುಖ್ಯಮಂತ್ರಿಯೂ ಅದರಲ್ಲಿದ್ದಾರೆಂದು ಕುಕಿ ಪ್ರಮುಖರು ಹೊರಗುಳಿದರು. ಸಮಿತಿ ಅಲ್ಲಿಗೇ ಸೊರಗಿತು.

ಈ ಬೆಂಕಿ ದೂರದ್ದೆಂದು ನಾವೂ ಸುಮ್ಮನಿರುವಂತಿಲ್ಲ. 2012ರಲ್ಲಿ ಅಸ್ಸಾಮಿನ ಕೊಕ್ರಜಾರ್ ಹೊತ್ತಿ ಉರಿದಾಗ ವದಂತಿಯೊಂದಕ್ಕೆ ಹೆದರಿ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು ರೈಲು ನಿಲ್ದಾಣದಲ್ಲಿ ಗುವಾಹಟಿ ಗಾಡಿಗೆ ಮುಗಿಬಿದ್ದಿದ್ದರು.

ಶಾಂತಿ ಮಾತುಕತೆಯಲ್ಲಿ ಹೆಂಗಸರಿಗೆ ಸ್ಥಾನ ಇರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಅಂಗೀಕರಿಸಿದ್ದು 2000ದ ಅಕ್ಟೋಬರ್ 31ರಂದು. ಅದನ್ನು ಜಾರಿಗೆ ತರಲು ನೇಪಾಳ 2011ರಲ್ಲೇ ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಿಕೊಂಡಿತು, ಬಾಂಗ್ಲಾದೇಶ 2019ರಲ್ಲಿ. 2007ರಲ್ಲಿ ಲೈಬೀರಿಯಾಕ್ಕೆ ಪೂರ್ಣ ಮಹಿಳಾ ಪೊಲೀಸ್ ತುಕಡಿ ಕಳಿಸಿ ಜಗತ್ತಿಗೇ ಮೊದಲನೆಯದಾದ ಭಾರತ ಅಂಥ ಯೋಜನೆಯನ್ನು ಇನ್ನೂ ಮಾಡಿಲ್ಲ. ಒಳನಾಡಿನ ಕಲಹಗಳನ್ನು ‘ಸಶಸ್ತ್ರ ಸಂಘರ್ಷ’ ಎಂದು ಒಪ್ಪಿದರೆ ಹೊರಗಿನವರು ಮೂಗು ತೂರಿಸುತ್ತಾರೆಂಬ ದೆಹಲಿಯ ಅಳುಕು ಸುಳ್ಳೇನಲ್ಲ. ಆದರೆ ಕ್ರಿಯಾ ಯೋಜನೆಗೆ ವಿಶ್ವಸಂಸ್ಥೆಯ ಹೆಸರೇ ಬೇಕೆಂದಿಲ್ಲ. ಮೈತೇಯಿಗಳ ಇಂಫಾಲ ಮತ್ತು ಕುಕಿ-ಜೋಗಳ ಚುರಾಚಾಂದ್‌ಪುರದ ನಡುವೆ ನಡೆಯುವ ಮಾತುಕತೆಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು, ಅವರನ್ನು ಎರಡೂ ಕಡೆಯ ಸಂಘಟನೆಗಳೇ ಆರಿಸಬೇಕು, ಅವರ ಒಪ್ಪಿಗೆಯಿಲ್ಲದೆ ಸಹಿ ಬೀಳಬಾರದು ಎಂದು ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿದರೂ ಸಾಕು. ಕೊಹಿಮಾದ ನಗರಸಭೆಗೆ ಆ ಪಾಲು ದಕ್ಕಲು ಇಪ್ಪತ್ತು ವರ್ಷ ಹಿಡಿಯಿತು. ಮಣಿಪುರಕ್ಕೆ ಅಷ್ಟು ಕಾಯುವ ವ್ಯವಧಾನವಿಲ್ಲ.