ಪದವಿ ತರಗತಿಯಲ್ಲಿ ತತ್ತ್ವಶಾಸ್ತ್ರ: ಮೈಸೂರಿನ ಒಂದು ನಿದರ್ಶನ

ವಿದ್ವತ್ತಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರಂಥಗಳನ್ನೂ ಗ್ರಂಥಕರ್ತರನ್ನೂ ಹಿಡಿದು ಹೊರಡುತ್ತಾರೆ. ಗ್ರಂಥವು ರೂಪುಗೊಂಡ ಪಾಠದ ಕೊಠಡಿಯ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಸಂಶೋಧಕರು ಕಂಡುಕೊಂಡುದನ್ನು ಸರಳಗೊಳಿಸಿ ವಿದ್ಯಾರ್ಥಿಗಳಿಗೆ ಹಂಚುವುದಷ್ಟೇ ಪದವಿ ತರಗತಿಯ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಬೋಧನೆ ಬೆಳೆದು ಬಂದ ಬಗೆಯನ್ನು ಪರಿಶೀಲಿಸಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಈ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಅಲ್ಲಿ ತತ್ತ್ವಶಾಸ್ತ್ರವೆಂದರೆ ಏನಾಗಿತ್ತೆಂಬುದಕ್ಕೆ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ವಿದ್ಯಾರ್ಥಿದೆಸೆಯೇ ಸಾಕ್ಷಿ. ಅವರು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣ, ಬಂಧುವೊಬ್ಬರು ತಾವು ಓದಿ ಮುಗಿಸಿದ ಪಠ್ಯಪುಸ್ತಕಗಳನ್ನು ಅವರಿಗೆ ಕೊಟ್ಟುದು. ಸ್ಟೌಟ್ ಅವರ ಮನಶ್ಶಾಸ್ತ್ರ, ವೆಲ್ಟನ್ ಅವರ ತರ್ಕಶಾಸ್ತ್ರ, ಮೆಕೆಂಜಿಯವರ ನೀತಿಶಾಸ್ತ್ರ ಇವೇ ಆ ಪುಸ್ತಕಗಳು. ಮೂರೂ ಬ್ರಿಟಿಷ್ ವಿದ್ವಾಂಸರ ಕೃತಿಗಳು. 1908ರಲ್ಲಿ ಪ್ರಕಟವಾದ ಅವರ ಎಂ. ಎ. ಪ್ರಬಂಧವು ವೇದಾಂತದ ನೀತಿವಿಚಾರವನ್ನು ಕುರಿತದ್ದು. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂಬ ಆಕ್ಷೇಪಕ್ಕೆ ಅದು ಉತ್ತರವಾಗಿತ್ತು. ತನ್ನ ನಾಡಿನ ದರ್ಶನವು ಆ ವಿದ್ಯಾರ್ಥಿಯನ್ನು ಮುಟ್ಟಿದುದು ಪಾಠದ ರೂಪದಲ್ಲಿ ಅಲ್ಲ, ಆಕ್ಷೇಪದ ರೂಪದಲ್ಲಿ ಎಂಬುದನ್ನು ನಾವು ಗಮನಿಸಬೇಕು.

ಹೊಸ ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರ ವಿಭಾಗಕ್ಕೆ 1917ರಲ್ಲಿ ಎ. ಆರ್. ವಾಡಿಯಾ ಅವರೂ 1918ರಲ್ಲಿ ರಾಧಾಕೃಷ್ಣನ್ ಅವರೂ ಬಂದರು. ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಗೆ ತೆರಳಿದರು. ವಾಡಿಯಾ ಅವರು 1942ರವರೆಗೆ ಇಲ್ಲಿಯೇ ಸೇವೆ ಸಲ್ಲಿಸಿದರು. ಆದರೆ ಪ್ರಸ್ತುತ ವಿಚಾರಕ್ಕೆ ಇವರಿಬ್ಬರಿಗಿಂತಲೂ ಮುಖ್ಯರಾದವರು ಮಹಾರಾಜಾ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು. ಭಾರತೀಯ ದರ್ಶನಗಳನ್ನು ಕುರಿತು ಅವರು ಹಲವು ವರ್ಷ ಮೈಸೂರಿನಲ್ಲಿ ನೀಡಿದ ಉಪನ್ಯಾಸಗಳೇ 1932ರಲ್ಲಿ ಲಂಡನ್ನಿನಿಂದ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಎಂಬ ಗ್ರಂಥವಾಗಿ ಹೊರಬಂದವು. ಕಾಲೇಜುಗಳಿಗೆ ಪಠ್ಯವಾಗಲೆಂಬುದೇ ಆ ಪ್ರಕಟಣೆಯ ಉದ್ದೇಶವಾಗಿತ್ತು. ಅದು ವಿದ್ವಾಂಸರಿಗೂ ಪ್ರಮಾಣಗ್ರಂಥವಾದುದು ಅನಂತರದ ಮಾತು.

ಗ್ರಂಥದ ರಚನೆಯಲ್ಲಿ ತರಗತಿಯ ಗುರುತು ಸ್ಪಷ್ಟವಾಗಿದೆ. ವೇದಕಾಲ, ವೇದೋತ್ತರ ಕಾಲ, ದರ್ಶನಗಳ ಕಾಲ ಎಂಬ ಮೂರು ಭಾಗಗಳಲ್ಲಿ ವಿಷಯವು ಕ್ರಮವಾಗಿ ಬೆಳೆಯುತ್ತದೆ. ವೇದಾಂತಕ್ಕೆ ದೊರೆಯುವ ಗಂಭೀರ ಪರಿಶೀಲನೆ ಜೈನ, ಬೌದ್ಧ ಮತಗಳಿಗೂ ದೊರೆಯುತ್ತದೆ. ಚಾರ್ವಾಕ ಮತಕ್ಕೂ ಪ್ರತ್ಯೇಕ ಅಧ್ಯಾಯವಿದೆ. ಜ್ಞಾನವು ಹೇಗೆ ಉಂಟಾಗುತ್ತದೆ, ಇರುವುದು ಯಾವುದು, ಆದುದರಿಂದ ಬಾಳುವುದು ಹೇಗೆ ಎಂಬ ಪ್ರಶ್ನೆಗಳನ್ನೇ ಹಿರಿಯಣ್ಣನವರು ಒಂದೊಂದು ದರ್ಶನದ ಮುಂದೆಯೂ ಇಡುತ್ತಾರೆ. ಹೀಗೆ ಇಟ್ಟಾಗ ವಿದ್ಯಾರ್ಥಿಗೆ ಹೋಲಿಸುವ ಅವಕಾಶ ದೊರೆಯುತ್ತದೆ. ಹೋಲಿಸಿದವನು ತನ್ನ ಮನೆಯ ಮತವನ್ನೂ ಕಾರಣ ಕೇಳದೆ ಒಪ್ಪಲಾರ. ಸುಮಾರು ಕಾಲು ಶತಮಾನದ ಹಿಂದೆ ಮದರಾಸಿನಲ್ಲಿ ಸಮರ್ಥನೆಯನ್ನು ಬೇಡಿದ್ದ ದರ್ಶನವು ಈಗ ವಿಮರ್ಶೆಯ ವಸ್ತುವಾಯಿತು. ಪದವಿ ಮಟ್ಟದ ತತ್ತ್ವಶಾಸ್ತ್ರದ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ.

ಒಂದು ನಿದರ್ಶನದಿಂದ ಸಾರ್ವತ್ರಿಕ ನಿಯಮವನ್ನು ಹೊರಡಿಸುವುದು ಚರಿತ್ರಕಾರನಿಗೆ ತಕ್ಕುದಲ್ಲ. ಆದರೂ ಇಷ್ಟನ್ನು ಹೇಳಬಹುದು: ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅದೇ ವಿಷಯವನ್ನು ಮೊದಲಿನಿಂದ ವಿವರಿಸಬೇಕಾದ ಹೊಣೆಯು ಹಿರಿಯಣ್ಣನವರ ವಿದ್ವತ್ತಿಗೆ ಅಡ್ಡಿಯಾಗಲಿಲ್ಲ, ಅದಕ್ಕೆ ಸ್ಪಷ್ಟತೆಯನ್ನು ತಂದಿತು. ಇಂದು ಐಚ್ಛಿಕ ವಿಷಯವೊಂದರ ಅಳಿವು ಉಳಿವುಗಳನ್ನು ತೀರ್ಮಾನಿಸುವಾಗ ವಿದ್ಯಾರ್ಥಿಗಳ ತಲೆಯೆಣಿಕೆಯನ್ನೇ ಅಳತೆಗೋಲಾಗಿ ಹಿಡಿಯುವುದುಂಟು. ತತ್ತ್ವಶಾಸ್ತ್ರವನ್ನು ಪದವಿ ತರಗತಿಯಿಂದ ಕೈಬಿಟ್ಟು ಸಂಶೋಧನೆಯಲ್ಲಿ ಮಾತ್ರ ಉಳಿಸಿಕೊಳ್ಳಬಹುದೆಂದು ನಂಬುವವರು ಮೈಸೂರಿನ ಈ ಉಪನ್ಯಾಸಗಳನ್ನು ಒಮ್ಮೆ ನೆನೆಯುವುದು ಒಳಿತು. ಕೇಳುವ ವಿದ್ಯಾರ್ಥಿಗಳು ಇಲ್ಲದಿದ್ದರೆ ಆ ಉಪನ್ಯಾಸಗಳು ನಡೆಯುತ್ತಿರಲಿಲ್ಲ. ಉಪನ್ಯಾಸಗಳು ನಡೆಯದಿದ್ದರೆ ಆ ಗ್ರಂಥವೂ ನಮಗೆ ದಕ್ಕುತ್ತಿರಲಿಲ್ಲ.