ಒಬ್ಬರ ಅಂಕ ತುಂಬಿದರೆ ಎಲ್ಲರ ಅಂಕವೂ ಬದಲಾಗುತ್ತದೆ: ಇದು ಪೈಥಾನ್ ದೋಷವೇ?

ಪೈಥಾನ್ ಕಲಿಯಲು ಆರಂಭಿಸಿದ ಹಲವರಿಗೆ ಈ ಅನುಮಾನ ಬರುತ್ತದೆ: ಅಂಕಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿಯ ಅಂಕ ತುಂಬಿದರೆ ಉಳಿದವರಿಗೂ ಅದೇ ಅಂಕ ಬೀಳುತ್ತದೆ, ಹಾಗಾದರೆ ಈ ಭಾಷೆಯಲ್ಲೇ ದೋಷವಿದೆಯೇ?

ನಿಜ ಏನು?

ಹೀಗಾಗುವುದು ನಿಜ. ಆದರೆ ಅದು ಭಾಷೆಯ ದೋಷವಲ್ಲ, ಕೋಷ್ಟಕ ಕಟ್ಟಿದ ರೀತಿಯ ಫಲ. ಪೈಥಾನ್‌ನ ಅಧಿಕೃತ ಪ್ರಶ್ನೋತ್ತರ ಪುಟದಲ್ಲೇ ಇದಕ್ಕೆ ವಿವರಣೆ ಇದೆ.

4 ವಿದ್ಯಾರ್ಥಿಗಳು, 3 ವಿಷಯಗಳು ಎಂದುಕೊಳ್ಳಿ. ಸಾಲು ಮತ್ತು ಕಾಲಂ ಬೇಕಾದಾಗ ಪಟ್ಟಿಯೊಳಗೆ ಪಟ್ಟಿ ಇಡುತ್ತೇವೆ. ಸುಲಭವೆಂದು ಹಲವರು ಹೀಗೆ ಬರೆಯುತ್ತಾರೆ:

[[0]*3]*4

ಮೊದಲ ಸಾಲಿನ ಮೊದಲ ಮನೆಗೆ 85 ತುಂಬಿದರೆ ಸಿಗುವುದು ಇದು:

[[85, 0, 0], [85, 0, 0], [85, 0, 0], [85, 0, 0]]

ಯಾವ ಎರರ್ ಸಂದೇಶವೂ ಬರುವುದಿಲ್ಲ. ಅಪಾಯ ಇರುವುದು ಅಲ್ಲೇ.

ಹೀಗೇಕೆ?

ಒಂದೇ ಆನ್‌ಲೈನ್ ಶೀಟ್‌ನ ಲಿಂಕನ್ನು ನಾಲ್ವರಿಗೆ ಕಳಿಸಿದರೆ, ಒಬ್ಬರು ತಿದ್ದಿದ್ದು ಎಲ್ಲರಿಗೂ ಕಾಣುತ್ತದೆ. ಜೆರಾಕ್ಸ್ ಪ್ರತಿ ಕೊಟ್ಟರೆ ಹಾಗಾಗದು. ಇಲ್ಲಿ ಕೊನೆಯ *4 ಮಾಡುವುದು ಲಿಂಕ್ ಕಳಿಸುವ ಕೆಲಸ. ಕಾಣುವ ಸಾಲುಗಳು ನಾಲ್ಕಾದರೂ ಮೆಮೊರಿಯಲ್ಲಿ ಇರುವುದು ಒಂದೇ ಸಾಲು.

ಸರಿಯಾದ ವಿಧಾನ

• ಖಾಲಿ ಪಟ್ಟಿಯಿಂದ ಆರಂಭಿಸಿ: []
• ಫಾರ್ ಲೂಪ್‌ನ ಪ್ರತಿ ಸುತ್ತಿನಲ್ಲೂ ಹೊಸದಾಗಿ [0]*3 ಮಾಡಿ, ಅಪೆಂಡ್ ಮೂಲಕ ಸೇರಿಸಿ. ಈ ಸಾಲನ್ನು ಲೂಪ್‌ನ ಹೊರಗೆ ಒಮ್ಮೆ ಮಾಡಿಟ್ಟು ಮತ್ತೆ ಮತ್ತೆ ಸೇರಿಸಿದರೆ ಹಳೆಯ ತೊಂದರೆಯೇ ಬರುತ್ತದೆ.
• ವಿದ್ಯಾರ್ಥಿಗಳ ಸಂಖ್ಯೆ ಮೊದಲೇ ಗೊತ್ತಿರಬೇಕಿಲ್ಲ. ಐದನೆಯವರು ಬಂದರೆ ಇನ್ನೊಂದು ಹೊಸ ಸಾಲು ಅಪೆಂಡ್ ಮಾಡಿದರಾಯಿತು.
• ಹೊಸ ವಿಷಯ ಸೇರಿದರೆ ಪ್ರತಿ ಸಾಲಿಗೂ ಒಂದು 0 ಸೇರಿಸಿ. ಯಾವುದಾದರೂ ಸಾಲು ಬಿಟ್ಟುಹೋದರೆ, ಅಲ್ಲಿ ಇಲ್ಲದ ಮನೆಯನ್ನು ಓದುವಾಗ ಇಂಡೆಕ್ಸ್ ಎರರ್ ಬರುತ್ತದೆ.

ನಕಲು ಮಾಡುವಾಗಲೂ ಎಚ್ಚರ

ಕೋಷ್ಟಕವನ್ನು ಸಾಮಾನ್ಯ ಕಾಪಿ ಮಾಡಿದರೆ ಹೊರಗಿನ ಪಟ್ಟಿ ಮಾತ್ರ ಹೊಸದು, ಒಳಗಿನ ಸಾಲುಗಳು ಹಳೆಯವೇ. ನಕಲಿನಲ್ಲಿ ಅಂಕ ತಿದ್ದಿದರೆ ಮೂಲವೂ ಬದಲಾಗುತ್ತದೆ. ಪೂರ್ಣ ನಕಲು ಬೇಕಿದ್ದರೆ ಡೀಪ್‌ಕಾಪಿ ಬಳಸಿ.

ಪರೀಕ್ಷಿಸುವುದು ಹೇಗೆ?

ನಿಜವಾದ ಅಂಕಗಳನ್ನು ತುಂಬುವ ಮೊದಲು ಒಂದೇ ಮನೆಗೆ 1 ಹಾಕಿ ಇಡೀ ಕೋಷ್ಟಕ ಪ್ರಿಂಟ್ ಮಾಡಿ. ಒಂದಕ್ಕಿಂತ ಹೆಚ್ಚು ಕಡೆ 1 ಕಂಡರೆ, ನಿಮ್ಮ ಸಾಲುಗಳು ಬೇರೆಬೇರೆಯಲ್ಲ.

ಪೈಥಾನ್ ಕಲಿಯುತ್ತಿರುವ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ.