ಸಾಲು ತಪ್ಪಿದ ಶಾಫ್ಟ್‌ಗಳ ನಡುವೆ ಗೇರ್ ಕಪ್ಲಿಂಗ್

ಬ್ಯಾಂಕ್ ಆಫ್ ಐರ್ಲೆಂಡಿನ ನೋಟು ಮುದ್ರಣ ಯಂತ್ರಗಳಿಗೆ ಹೆಸರಾದ ಎಂಜಿನಿಯರ್ ಜಾನ್ ಓಲ್ಡ್‌ಹ್ಯಾಮ್ 1821ರಲ್ಲಿ ಹಬೆ ಹಡಗಿನ ತೊಡಕೊಂದಕ್ಕೆ ಕೈಹಾಕಿದರು. ಶಕ್ತಿ ಕೊಡುವ ಶಾಫ್ಟ್ ಒಂದು ಸಾಲಿನಲ್ಲಿತ್ತು, ನೀರು ತಳ್ಳುವ ಚಕ್ರದ ಶಾಫ್ಟ್ ತುಸು ಪಕ್ಕಕ್ಕೆ ಸರಿದಿತ್ತು. ಅವರು ನಡುವೆ ಒಂದು ಬಿಲ್ಲೆ ಕೂರಿಸಿದರು. ಅದರ ಎರಡು ಮುಖಗಳಲ್ಲಿ ಒಂದಕ್ಕೊಂದು ಅಡ್ಡವಾದ ಪಟ್ಟಿಗಳಿದ್ದವು. ಅವು ಎರಡೂ ಬದಿಯ ಸೀಳುಗಳಲ್ಲಿ ಜಾರುತ್ತಲೇ ತಿರುಗುಬಲವನ್ನು ದಾಟಿಸುತ್ತಿದ್ದವು.

ಓರೆಯಾಗಿ ಸಂಧಿಸುವ ಶಾಫ್ಟ್‌ಗಳಿಗೆ ರಾಬರ್ಟ್ ಹುಕ್ 1676ರಲ್ಲೇ ಒಂದು ಕೀಲನ್ನು ವಿವರಿಸಿದ್ದರು. ಆದರೆ ಅದರಲ್ಲಿ ಮೊದಲ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಎರಡನೆಯದರ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತದೆ.

1884ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ಹಬೆ ಟರ್ಬೈನ್ ಕಟ್ಟಿದ ಮೇಲೆ ಯಂತ್ರಗಳ ವೇಗ ಬಹಳ ಹೆಚ್ಚಿತು. ತಣ್ಣಗಿದ್ದಾಗ ನೇರ ಸಾಲಿನಲ್ಲಿ ಕೂರಿಸಿದ ಶಾಫ್ಟ್‌ಗಳು ಬಿಸಿಯಾದಾಗ ಲೋಹ ಹಿಗ್ಗಿ ಸ್ಥಾನ ಬದಲಿಸುತ್ತವೆ, ಅಡಿಪಾಯವೂ ಕುಸಿಯಬಹುದು. ಶಾಫ್ಟ್ ತುದಿಗಳ ಫ್ಲೇಂಜ್‌ಗಳನ್ನು (ಅಗಲ ಅಂಚುಗಳನ್ನು) ಬೋಲ್ಟ್ ಹಾಕಿ ಬಿಗಿದುಬಿಟ್ಟರೆ ಆ ಎಳೆದಾಟವೆಲ್ಲ ಬೇರಿಂಗ್ ಮೇಲೆ ಬೀಳುತ್ತದೆ.

ಇದಕ್ಕೆ ದಾರಿ ಕಂಡುಕೊಂಡವರಲ್ಲಿ ಅಮೆರಿಕದ ಗುಸ್ತಾವ್ ಫಾಸ್ಟ್ ಪ್ರಮುಖರು. 1920ರ ಆಸುಪಾಸಿನಲ್ಲಿ ಅವರು ರೂಪಿಸಿದ, ಹಲ್ಲುಗಳ ಮೂಲಕ ಶಾಫ್ಟ್‌ಗಳನ್ನು ಜೋಡಿಸುವ ಗೇರ್ ಕಪ್ಲಿಂಗನ್ನು ಬಾಲ್ಟಿಮೋರ್‌ನ ಬಾರ್ಟ್ಲೆಟ್ ಹೇವರ್ಡ್ ಕಂಪನಿ ತಯಾರಿಸಿತು.

ಅದರ ರಚನೆ ಹೀಗಿದೆ: ಪ್ರತಿ ಶಾಫ್ಟಿನ ತುದಿಗೆ ಹೊರಹಲ್ಲುಗಳ ಹಬ್, ಅದರ ಸುತ್ತ ಅಷ್ಟೇ ಸಂಖ್ಯೆಯ ಒಳಹಲ್ಲುಗಳ ಸ್ಲೀವ್. ಎರಡು ಸ್ಲೀವ್‌ಗಳನ್ನು ಪರಸ್ಪರ ಬೋಲ್ಟ್ ಮಾಡುತ್ತಾರೆ. ಸಾಮಾನ್ಯ ಗೇರ್ ಜೋಡಿಯಲ್ಲಿ ಒಂದು ಕ್ಷಣಕ್ಕೆ ಒಂದೆರಡು ಹಲ್ಲುಗಳಷ್ಟೇ ಭಾರ ಹೊರುತ್ತವೆ. ಇಲ್ಲಿ ಶಾಫ್ಟ್‌ಗಳು ಸರಿಯಾಗಿ ಹೊಂದಿದ್ದರೆ ಸುತ್ತಲಿನ ಹಲ್ಲುಗಳೆಲ್ಲ ಭಾರ ಹಂಚಿಕೊಳ್ಳುತ್ತವೆ. ಹಾಗಾಗಿಯೇ ಗಾತ್ರ ಚಿಕ್ಕದಾದರೂ ಅದು ದಾಟಿಸುವ ತಿರುಗುಬಲ ದೊಡ್ಡದು. ಹಲ್ಲುಗಳ ನಡುವಿನ ಸಂದಿಯಿಂದಾಗಿ ಪ್ರತಿ ಹಬ್ಬೂ ಸ್ವಲ್ಪ ಓರೆಯಾಗಬಲ್ಲದು. ಇಂಥ ಎರಡು ಕಡೆ ಸೇರಿದಾಗ ಪಕ್ಕಕ್ಕೆ ಸರಿದ ಶಾಫ್ಟ್‌ಗಳೂ ಹೊಂದಿಕೊಳ್ಳುತ್ತವೆ.

ಮುಂದೆ ಹಬ್ಬಿನ ಹಲ್ಲುಗಳಿಗೆ ನಡು ಉಬ್ಬಿದ ಆಕಾರ ಬಂತು. ಓರೆಯಾದಾಗ ಹಲ್ಲಿನ ಅಂಚಿನ ಮೇಲೇ ಒತ್ತಡ ಬೀಳುವುದು ಇದರಿಂದ ತಗ್ಗಿತು.

ಆದರೂ ಹಲ್ಲುಗಳು ಪ್ರತಿ ಸುತ್ತಿನಲ್ಲಿ ಹಿಂದೆ ಮುಂದೆ ಉಜ್ಜುತ್ತಲೇ ಇರುತ್ತವೆ. ಗ್ರೀಸ್ ಒಣಗಿದರೆ ಸವೆತ ಶುರು. ಈ ಕಾರಣದಿಂದಲೇ ಅತಿವೇಗದ ಕಂಪ್ರೆಸರ್‌ಗಳು ಗ್ರೀಸ್ ಬೇಡದ, ತೆಳು ಲೋಹದ ತಗಡು ಬಾಗಿ ಕೆಲಸ ಮಾಡುವ ಕಪ್ಲಿಂಗ್‌ಗಳತ್ತ ಹೊರಳಿದವು. ಉಕ್ಕಿನ ರೋಲಿಂಗ್ ಮಿಲ್ಲು, ಭಾರೀ ಕ್ರೇನುಗಳಲ್ಲಿ ಮಾತ್ರ ಫಿಟ್ಟರುಗಳು ಇಂದಿಗೂ ಗೇರ್ ಕಪ್ಲಿಂಗ್ ಬಿಚ್ಚಿ, ಹಲ್ಲು ನೋಡಿ, ಹೊಸ ಗ್ರೀಸ್ ತುಂಬುತ್ತಾರೆ.